ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು: ಒಂದು ಸಣ್ಣ ಚರಿತ್ರೆ

ಯಾವುದೇ ವಸ್ತು ಬಳಸಿ ಹಳತಾದಂತೆ ಅದರ ಬೆಲೆ ಇಳಿಯುತ್ತದೆಂಬುದು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ರೈತನಿಗೂ ತಿಳಿದ ಮಾತು. ಆದರೆ ನಮ್ಮ ದೇಶದಲ್ಲಿ ಒಂದು ಕಾಲದಲ್ಲಿ ಮೋಟಾರು ಕಾರಿನ ಮಟ್ಟಿಗೆ ಈ ನಿಯಮ ತಲೆಕೆಳಗಾಗಿ ನಡೆಯಿತು. ಎರಡು ವರ್ಷ ಓಡಿದ ಕಾರು ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಪಂಚವಾರ್ಷಿಕ ಯೋಜನೆಗಳ ಪಾಠ ಮಾಡುವಾಗ ನಾನು ತರಗತಿಯಲ್ಲಿ ಈ ಸಂಗತಿಯನ್ನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಪಠ್ಯಪುಸ್ತಕದಲ್ಲಿ ಉಕ್ಕಿನ ಕಾರ್ಖಾನೆ, ಅಣೆಕಟ್ಟುಗಳ ವಿಷಯ ಬೇಕಾದಷ್ಟು ಇರುತ್ತಿತ್ತು. ಆ ಯೋಜನೆಗಳು ಸಾಮಾನ್ಯ ಸಂಸಾರವೊಂದರ ಅಂಗಳದವರೆಗೆ ಹೇಗೆ ಬಂದು ತಲುಪಿದವು ಎಂಬುದನ್ನು ತೋರಿಸಲು ಕಾರಿಗಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿರಲಿಲ್ಲ.

ಈ ಬರಹದಲ್ಲಿ ‘ದೊಡ್ಡ ಕಾರು’ ಎಂದು ನಾನು ಕರೆಯುತ್ತಿರುವುದು ವೇಗಕ್ಕಿಂತ ಸುಖಕ್ಕೆ ಹೆಸರಾದ, ಮೂರು ತಲೆಮಾರಿನವರು ಒಟ್ಟಿಗೆ ಕುಳಿತು ಊರಿಗೆ ಹೋಗಿಬರಬಹುದಾದ, ಹಿಂದೆ ವಿಶಾಲವಾದ ಡಿಕ್ಕಿಯಿರುವ ಕಾರನ್ನು. ನಮ್ಮ ಉತ್ತರ ಬೆಂಗಳೂರಿನಲ್ಲಿ ಎಂಟುನೂರು, ಸಾವಿರ ಮನೆಗಳ ಬಡಾವಣೆಗಳೆಲ್ಲ ಬಹುಪಾಲು ಮೂವತ್ತು–ನಲವತ್ತು ಅಡಿಯ ನಿವೇಶನಗಳಿಂದ ತುಂಬಿವೆ. ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರು, ಎಂದರೆ ಹದಿನಾಲ್ಕು ಅಡಿ. ಕಾಂಟೆಸ್ಸಾ ಸುಮಾರು 4.6 ಮೀಟರು, ಹದಿನೈದು ಅಡಿ. ಮೂವತ್ತು ಅಡಿ ಅಗಲದ ಮನೆಯ ಮುಂದೆ ಒಂದು ಕಾಂಟೆಸ್ಸಾ ನಿಂತರೆ ಮನೆಯ ಅರ್ಧ ಮುಖ ಮುಚ್ಚಿಹೋಯಿತೆಂದೇ ಅರ್ಥ. ಅಷ್ಟಾದರೂ ಜನ ಅದನ್ನು ಬಯಸಿದರು. ಏಕೆ ಬಯಸಿದರು, ಏನು ತೆತ್ತು ಪಡೆದರು ಎಂಬುದೇ ಈ ಸಣ್ಣ ಚರಿತ್ರೆಯ ವಸ್ತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರಿನಲ್ಲಿಯೇ ಕಾರು ತಯಾರಾಗಬೇಕೆಂಬ ಕನಸು ಇಂದು ನಿನ್ನೆಯದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿ, 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಮೈಸೂರು ಸರ್ಕಾರದ ಆಸಕ್ತಿಯೂ ಇತ್ತು. ಆದರೆ ಆಗಿನ ಭಾರತ ಸರ್ಕಾರದ ಬೆಂಬಲ ದೊರೆಯದೆ ಬೆಂಗಳೂರಿನ ಕಾರ್ಖಾನೆ ಕಾಗದದಲ್ಲಿಯೇ ಉಳಿಯಿತು. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಹೀಗೆ ಬೆಂಗಳೂರಿಗೆ ಕಾರಿಗಿಂತ ಮೊದಲು ವಿಮಾನದ ಕಾರ್ಖಾನೆ ಬಂದಿತು. ವಾಲ್‌ಚಂದರ ಕಾರು ಕಾರ್ಖಾನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಬಿ.ಎಂ. ಬಿರ್ಲಾ ಅವರು 1942ರಲ್ಲಿ ಆರಂಭಿಸಿದ ಹಿಂದೂಸ್ಥಾನ್ ಮೋಟಾರ್ಸ್ ಗುಜರಾತಿನ ಓಖಾ ಬಂದರಿನಿಂದ 1948ರಲ್ಲಿ ಬಂಗಾಳದ ಉತ್ತರಪಾರಕ್ಕೆ ಬಂದಿತು.

ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲಿ ದೊಡ್ಡ ಕಾರೆಂದರೆ ಅಮೆರಿಕದ ಕಾರು. ಫೋರ್ಡ್ ಕಂಪನಿ 1926ರಿಂದ, ಜನರಲ್ ಮೋಟಾರ್ಸ್ 1928ರಿಂದ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಭಾರತದಲ್ಲಿ ಜೋಡಿಸಿ ಮಾರುತ್ತಿದ್ದವು. ಇಲ್ಲಿಯೇ ಬಿಡಿಭಾಗಗಳನ್ನು ಕ್ರಮೇಣ ತಯಾರಿಸಲು ಒಪ್ಪಿದವರಿಗೆ ಮಾತ್ರ ಅವಕಾಶವೆಂದು 1953ರಲ್ಲಿ ಸರ್ಕಾರ ನಿರ್ಧರಿಸಿತು. ಮರುವರ್ಷವೇ ಆ ಎರಡೂ ಕಂಪನಿಗಳು ಹೊರಟುಹೋದವು. ಉಳಿದದ್ದು ಉತ್ತರಪಾರದ ಹಿಂದೂಸ್ಥಾನ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಎಂಬ ಮೂರೇ ಮನೆಗಳು. ಅವುಗಳಲ್ಲಿ ದೊಡ್ಡದು ಹಿಂದೂಸ್ಥಾನದ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಎರಡನೆಯ ಮಾದರಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು. ಮೂರನೆಯ ಮಾದರಿ 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಆಯಿತು. ಆ ಹೆಸರು, ಆ ಆಕಾರ 2014ರ ಮೇ ತಿಂಗಳವರೆಗೂ ನಮ್ಮೊಡನೆ ಇದ್ದವು.

ವಿದೇಶಿ ವಿನಿಮಯ ಕಡಿಮೆ, ಉಕ್ಕು ಕಡಿಮೆ, ಕಾರನ್ನು ಐಷಾರಾಮವೆಂದು ಪರಿಗಣಿಸುವ ಸರ್ಕಾರ. ಇವೆಲ್ಲ ಸೇರಿ ತಯಾರಿಕೆ ಬಹಳ ಸೀಮಿತವಾಗಿತ್ತು. 1959ರಲ್ಲಿ ಮೋಟಾರು ಕಾರುಗಳ ಹಂಚಿಕೆ ಮತ್ತು ಮಾರಾಟದ ಮೇಲೆ ನಿಯಂತ್ರಣದ ಆದೇಶ ಬಂದಿತು. ಹೊಸ ಕಾರು ಕೊಂಡವನು ಅನುಮತಿಯಿಲ್ಲದೆ ಎರಡು ವರ್ಷ ಅದನ್ನು ಮಾರುವಂತಿರಲಿಲ್ಲ. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ಗೊತ್ತುಮಾಡಿತು. ತಯಾರಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಹೆಸರು ಬರೆಸಿ, ಠೇವಣಿ ಕಟ್ಟಿ, ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ಬೆಲೆಗೆ ಕಟ್ಟು ಹಾಕಿ, ಸರಕನ್ನು ಕಡಿಮೆ ಮಾಡಿದರೆ ಆ ಒತ್ತಡ ಎಲ್ಲಾದರೂ ಹೊರಬರಲೇಬೇಕಲ್ಲವೆ? ಅದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೊರಬಂದಿತು. ಹೊಸ ಕಾರಿಗೆ ಸರ್ಕಾರಿ ಬೆಲೆ; ಹಳೆಯ ಕಾರಿಗೆ ಯಾವ ಕಟ್ಟೂ ಇಲ್ಲ. ಎರಡು ವರ್ಷದ ಗಡುವು ಮುಗಿದ ಮರುದಿನವೇ ಮಾರಿ ಲಾಭ ಮಾಡಿಕೊಂಡವರಿದ್ದರು. ಕೊಳ್ಳುವವನು ಆ ಹೆಚ್ಚುವರಿ ಹಣವನ್ನು ಕಾರಿಗಾಗಿ ಕೊಡುತ್ತಿರಲಿಲ್ಲ, ಕಾಯದೆ ಇರುವುದಕ್ಕಾಗಿ ಕೊಡುತ್ತಿದ್ದ. ಈ ಒಂದು ವಾಕ್ಯವನ್ನು ಅರ್ಥ ಮಾಡಿಕೊಂಡ ಹುಡುಗನಿಗೆ ಅಭಾವದ ಅರ್ಥಶಾಸ್ತ್ರವನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ನಮ್ಮ ಭಾಗಕ್ಕೆ ಕಾರು ಬಂದ ದಾರಿಯೂ ವಿಶಿಷ್ಟವಾದುದು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಯಶವಂತಪುರದ ಅಂಚಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಮೊದಲೇ ಇತ್ತು. ಹೆಬ್ಬಾಳದಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ, ಯಲಹಂಕದಲ್ಲಿ ವಾಯುಸೇನೆಯ ನೆಲೆ, 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ. ಇಲ್ಲೆಲ್ಲ ಸಂಬಳದ ಜನರಿದ್ದರು, ಲಕ್ಷಾಧಿಪತಿಗಳು ಕಡಿಮೆ. ಹೊಸ ದೊಡ್ಡ ಕಾರು ಕೊಳ್ಳುತ್ತಿದ್ದವರು ಸದಾಶಿವನಗರದ ಕಡೆಯವರು, ದಂಡು ಪ್ರದೇಶದವರು, ಮಂಡಿ ವರ್ತಕರು. ಅವರಿಂದ ಎರಡನೆಯ, ಮೂರನೆಯ ಕೈಗೆ ದಾಟಿದ ಕಾರುಗಳು ಆರ್.ಟಿ. ನಗರ, ಗಂಗಾನಗರ, ಯಲಹಂಕ ಉಪನಗರಗಳ ನಿವೃತ್ತ ಇಂಜಿನಿಯರುಗಳ, ಡಾಕ್ಟರುಗಳ, ಮೇಷ್ಟರುಗಳ ಮನೆಗೆ ಬಂದವು. ನಂಬರು ಫಲಕಗಳನ್ನು ನೋಡಿಯೇ ಕಾರಿನ ವಯಸ್ಸನ್ನು ಹೇಳಬಹುದಾಗಿತ್ತು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’, ‘ಎಂ.ಇ.’, ಅನಂತರದ ‘ಸಿ.ಎ.’, 1988ರ ಕಾಯ್ದೆಯ ಬಳಿಕ ಬಂದ ‘ಕೆ.ಎ.’ ಯಶವಂತಪುರದ ಕಚೇರಿಯ ‘ಕೆ.ಎ. 04’ ನಮ್ಮ ಭಾಗದ ಗುರುತಾಯಿತು. ಯಲಹಂಕಕ್ಕೆ ಅನಂತರ ‘ಕೆ.ಎ. 50’ ಬಂದಿತು.

ಇನ್ನು ಸುಖದ ವಿಷಯ. ಅಂಬಾಸಿಡರಿನ ಮುಂದಿನ ಸೀಟು ಬಹಳ ಕಾಲ ಒಂದೇ ಉದ್ದನೆಯ ಬೆಂಚಾಗಿತ್ತು. ಗೇರು ಸ್ಟಿಯರಿಂಗಿನ ಕೆಳಗಿದ್ದುದರಿಂದ ಮುಂದೆಯೇ ಮೂವರು ಕೂರಬಹುದಿತ್ತು. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏಳು ಜನ. ಹಿಡಿದರೆ ಎಣಿಸುವವರಿಗೆ ಬಿಟ್ಟದ್ದು. ಹಿಂದಿನ ಚಕ್ರಗಳ ಮೇಲೆ ಪಟ್ಟಿ ಸ್ಪ್ರಿಂಗು, ಎತ್ತರವಾದ ತಳ, ಗುಂಡಿಯಲ್ಲಿ ಬಿದ್ದೆದ್ದರೂ ತಡೆದುಕೊಳ್ಳುವ ಗಟ್ಟಿ ಮೈ. 1980ರ ದಶಕದಲ್ಲಿ ನಮ್ಮ ಅತ್ತೆಯವರಿಗೆ ಸೊಂಟದ ಮೂಳೆ ಮುರಿದಾಗ, ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಅವರನ್ನು ಮಲಗಿಸಿಕೊಂಡೇ ತರಲು ಸಾಧ್ಯವಾದದ್ದು ನೆರೆಮನೆಯವರ ಮೂರನೆಯ ಕೈಯ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ. ಒಂದು ಹಾಸಿಗೆ, ಎರಡು ದಿಂಬು, ಕಾಲ ಬಳಿ ಕುಳಿತ ನನ್ನ ಹೆಂಡತಿ. ಬಾಣಂತಿಯನ್ನು ಮನೆಗೆ ಕರೆತರುವುದು, ಮದುಮಕ್ಕಳನ್ನು ಛತ್ರಕ್ಕೆ ಕರೆದೊಯ್ಯುವುದು, ಕೆಲವೊಮ್ಮೆ ಕೊನೆಯ ಸಲ ಊರಿಗೆ ಕರೆದೊಯ್ಯುವುದು. ಬೀದಿಗೊಂದು ದೊಡ್ಡ ಕಾರು ಇದ್ದರೆ ಅದು ಬೀದಿಗೆಲ್ಲ ಸೇರಿದ್ದಾಗಿತ್ತು. ಕಾರಿನ ಸುಖವೆಂಬ ಮಾತನ್ನು ಕೇಳಿದಾಗ ಇಂದಿನವರಿಗೆ ತಂಪು ಗಾಳಿ, ಮೆತ್ತನೆಯ ಸೀಟು ನೆನಪಾಗುತ್ತದೆ. ನಮ್ಮ ತಲೆಮಾರಿಗೆ ಅದು ನೋವಿನಲ್ಲಿರುವವರನ್ನು ಕುಲುಕದೆ ಕರೆತರುವ ಸಾಮರ್ಥ್ಯವಾಗಿತ್ತು.

ದೊಡ್ಡ ಕಾರಿಗೆ ಮೊದಲ ಪೆಟ್ಟು ಬಿದ್ದದ್ದು 1973ರಲ್ಲಿ. ಆ ವರ್ಷದ ಅರಬ್–ಇಸ್ರೇಲ್ ಯುದ್ಧದ ಬಳಿಕ ಕಚ್ಚಾ ತೈಲದ ಬೆಲೆ ಏರಿ, ನವೆಂಬರಿನಲ್ಲಿ ಭಾರತದಲ್ಲಿಯೂ ಪೆಟ್ರೋಲ್ ದುಬಾರಿಯಾಯಿತು. ಅಟಲ್ ಬಿಹಾರಿ ವಾಜಪೇಯಿಯವರು ಪ್ರತಿಭಟನೆಗಾಗಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದದ್ದು ಆಗಲೇ. ಹೆಚ್ಚು ಪೆಟ್ರೋಲ್ ಕುಡಿಯುವ ಹಳೆಯ ಅಮೆರಿಕನ್ ಕಾರುಗಳಿಗೆ ಕೊಳ್ಳುವವರೇ ಇಲ್ಲವಾದರು. ರಾಯಭಾರ ಕಚೇರಿಗಳವರು ಬಿಟ್ಟುಹೋದ ಅಂಥ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿತ್ತು. ಅವುಗಳನ್ನು ಕೊಂಡು ಮೆರೆದವರು ಈಗ ಷೆಡ್ಡಿನಲ್ಲಿ ನಿಲ್ಲಿಸಿ ಮೇಲೆ ಟಾರ್ಪಾಲು ಹೊದಿಸಿದರು. ಅಭಾವದ ಕಾಲದಲ್ಲಿ ಕಾರಿನ ಬೆಲೆಯನ್ನು ಸರದಿ ನಿರ್ಧರಿಸುತ್ತಿತ್ತು. ಇನ್ನು ಮುಂದೆ ಅದನ್ನು ಪೆಟ್ರೋಲ್ ನಿರ್ಧರಿಸತೊಡಗಿತು.

ಎರಡನೆಯ ಘಟ್ಟ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆರಂಭವಾಯಿತು. ಅದರ ಉದ್ದ ಹನ್ನೊಂದು ಅಡಿ, ಎಂಜಿನ್ 796 ಸಿ.ಸಿ.; ಲೀಟರಿಗೆ ಓಡುವ ದೂರ ಅಂಬಾಸಿಡರಿನ ಸುಮಾರು ಎರಡರಷ್ಟು. ಮರುವರ್ಷ, 1984ರಲ್ಲಿ, ಹಿಂದೂಸ್ಥಾನ್ ಮೋಟಾರ್ಸ್ ತದ್ವಿರುದ್ಧ ದಿಕ್ಕಿನಲ್ಲಿ ಹೆಜ್ಜೆಯಿಟ್ಟು ಕಾಂಟೆಸ್ಸಾ ಎಂಬ ದೊಡ್ಡ ಕಾರನ್ನು ಹೊರತಂದಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ತಯಾರಿಸಿ ನಿಲ್ಲಿಸಿದ್ದ ಕಾರಿನ ಅಚ್ಚು ಅದು. ಅಗಲವಾದ ಮೂತಿ, ಉದ್ದನೆಯ ಬಾನೆಟ್ಟು, ಒಳಗೆ ಸೋಫಾದಂಥ ಸೀಟು. ಆದರೆ ಅಷ್ಟು ದೊಡ್ಡ ಮೈಗೆ ಮೊದಲು ಕೂರಿಸಿದ್ದು ಅಂಬಾಸಿಡರಿನ ಹಳೆಯ 1489 ಸಿ.ಸಿ. ಎಂಜಿನ್ನನ್ನೇ. ಆನೆಗೆ ಕುದುರೆಯ ಕಾಲು ಜೋಡಿಸಿದಂತಾಯಿತು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್, ಐದು ಗೇರು ಬಂದ ಮೇಲೆ ‘ಕಾಂಟೆಸ್ಸಾ ಕ್ಲಾಸಿಕ್’ ನಿಜವಾದ ಸುಖದ ಕಾರಾಯಿತು. ಮಂತ್ರಿಗಳು, ಗಿರಣಿ ಮಾಲೀಕರು, ಸಿನಿಮಾದವರು ಅದನ್ನು ಕೊಂಡರು. ಅದೇ ದಶಕದಲ್ಲಿ ಮದರಾಸಿನಿಂದ ಬಂದ ಸ್ಟ್ಯಾಂಡರ್ಡ್ 2000 ಎಂಬ ಇನ್ನೊಂದು ದೊಡ್ಡ ಕಾರು ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು.

ಕಾಂಟೆಸ್ಸಾದ ಸೆಕೆಂಡ್ ಹ್ಯಾಂಡ್ ಚರಿತ್ರೆ ಅಂಬಾಸಿಡರಿನದಕ್ಕೆ ಪೂರ್ತಿ ವಿರುದ್ಧವಾದುದು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಮತ್ತೆ ಏರಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. 1994ರಿಂದ ಮಾರುತಿ ಎಸ್ಟೀಮ್, ಅನಂತರ ದೈವೂ ಸಿಯೆಲೊ, ಫೋರ್ಡ್ ಎಸ್ಕಾರ್ಟ್, ಓಪೆಲ್ ಆಸ್ಟ್ರಾ, 1998ರಲ್ಲಿ ಹೋಂಡಾ ಸಿಟಿ ಸಾಲಾಗಿ ಬಂದವು. ಬ್ಯಾಂಕುಗಳು ಕರೆದು ಸಾಲ ಕೊಡತೊಡಗಿದವು. ಸರದಿ ಮುಗಿಯಿತು, ಸರದಿಯೊಡನೆ ಹಳೆಯ ಕಾರಿನ ಮರ್ಯಾದೆಯೂ ಮುಗಿಯಿತು. ನಿನ್ನೆ ಮಂತ್ರಿಯನ್ನು ಹೊತ್ತ ಕಾಂಟೆಸ್ಸಾ ಇಂದು ಹಳೆಯ ಮಾರುತಿಯ ಬೆಲೆಗೆ ಸಿಗುವಂತಾಯಿತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮ್ಮ ಹಿರಿಯರು ಹೇಳಿದ್ದರು. ಇಲ್ಲಿ ಹಾಸಿಗೆಯೇ ಅಗ್ಗವಾಗಿ ದೊರೆಯಿತು, ಅದನ್ನು ದಿನಾ ಒಗೆದು ಒಣಗಿಸುವ ಖರ್ಚು ಮಾತ್ರ ಇಳಿಯಲಿಲ್ಲ.

ಆ ಖರ್ಚನ್ನು ಇಳಿಸಲು ಜನ ಕಂಡುಕೊಂಡ ಉಪಾಯಗಳು ಹಲವು. ಯಶವಂತಪುರದ ಗ್ಯಾರೇಜುಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡವರಿದ್ದರು. ಅಡುಗೆ ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಓಡಿಸಿದವರಿದ್ದರು. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. 2000ದಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲಷ್ಟೇ ಪರವಾನಗಿ ಪಡೆದ ಗ್ಯಾಸ್ ಕಿಟ್ಟಿಗೆ ಅವಕಾಶವಾಯಿತು. ಎಂಜಿನ್ ಬದಲಿಸಿದರೆ, ಇಂಧನ ಬದಲಿಸಿದರೆ ಆರ್.ಸಿ. ಪುಸ್ತಕದಲ್ಲಿ ನಮೂದಾಗಬೇಕು, ನಮೂದಾಗದ ಕಾರನ್ನು ಕೊಂಡವನು ಬೇರೊಬ್ಬರ ತಪ್ಪನ್ನು ದುಡ್ಡು ಕೊಟ್ಟು ತನ್ನದಾಗಿಸಿಕೊಂಡಂತೆ.

ಹಳೆಯ ಕಾರನ್ನು ಪರೀಕ್ಷಿಸುವುದೇ ಒಂದು ವಿದ್ಯೆಯಾಗಿತ್ತು. ಅದನ್ನು ಬಲ್ಲ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯದೆ ಯಾರೂ ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆರೆದು ನೋಡುವುದು. ಅಲ್ಲಿಂದ ಹೊಗೆ ಉಸಿರಿದರೆ ಪಿಸ್ಟನ್ ರಿಂಗು ಸವೆದಿದೆ, ಬೋರ್ ಮಾಡಿಸಬೇಕು. ಕಾಲ ಬಳಿಯ ಕಾರ್ಪೆಟ್ಟನ್ನೂ ಡಿಕ್ಕಿಯಲ್ಲಿ ಸ್ಟೆಪ್ನಿಯನ್ನೂ ಎತ್ತಿ ತುಕ್ಕು ನೋಡುವುದು. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿ ಬಣ್ಣ ಬಳಿದ ಮೈಯನ್ನು ಕಣ್ಣು ಗುರುತಿಸದು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರೊಬ್ಬರು ಇದಕ್ಕೆಂದು ಜೇಬಿನಲ್ಲಿ ಸಣ್ಣ ದಂಡಕಾಂತವೊಂದನ್ನು ಇಟ್ಟುಕೊಂಡು ಹೋಗುತ್ತಿದ್ದರು. ಕಾಂತ ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸುವ ಹೊತ್ತಿಗೆ ಮಾರುವವನು ತಾನಾಗಿಯೇ ಬೆಲೆ ಇಳಿಸುತ್ತಿದ್ದ. ಕೊನೆಗೆ ಚಾಸಿಯ ಮೇಲೆ ಕೆತ್ತಿದ ನಂಬರಿಗೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ. ಪುಸ್ತಕದ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸುವುದು.

ಎಲ್ಲರೂ ಕಾರನ್ನು ಇಷ್ಟು ಎಚ್ಚರದಿಂದ ನೋಡುತ್ತಿದ್ದರು. ಕಾಗದವನ್ನು ಅಷ್ಟು ಎಚ್ಚರದಿಂದ ನೋಡುತ್ತಿದ್ದವರು ಕಡಿಮೆ. ಈ ಬರಹವನ್ನು ಬರೆಯಲು ಮುಖ್ಯ ಕಾರಣವೂ ಅದೇ.

ನಮ್ಮ ಬೀದಿಯಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು 1998ರಲ್ಲಿ ತಮ್ಮ ಕಾಂಟೆಸ್ಸಾವನ್ನು ಮಾರಿದರು. ಕೊಂಡವನು ಹಳೆಯ ಕಾರುಗಳ ದಲ್ಲಾಳಿ. ಪೂರ್ತಿ ಹಣವನ್ನು ನಗದಾಗಿ ಎಣಿಸಿ, ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಖಾಲಿಯಾಗಿಯೇ ಸಹಿ ಹಾಕಿಸಿಕೊಂಡು ಹೋದ. ಗಿರಾಕಿ ಸಿಕ್ಕಾಗ ಅವನ ಹೆಸರು ತುಂಬಿದರಾಯಿತು, ಒಂದು ವರ್ಗಾವಣೆಯ ಶುಲ್ಕ ಉಳಿಯುತ್ತದೆ ಎಂಬುದು ಪೇಟೆಯ ವಾಡಿಕೆ. ಐದು ವರ್ಷಗಳ ಬಳಿಕ ಬೇರೊಂದು ಜಿಲ್ಲೆಯ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಅವರಿಗೆ ಸಮನ್ಸ್ ಬಂದಿತು. ಅವರು ಮರೆತೇಬಿಟ್ಟಿದ್ದ ಕಾರು ಹೆದ್ದಾರಿಯಲ್ಲಿ ಸೈಕಲ್ ಸವಾರನೊಬ್ಬನಿಗೆ ಬಡಿದು ಆತ ಸತ್ತಿದ್ದ. ಕಾರು ಅಷ್ಟರಲ್ಲಿ ಮೂರು ಕೈ ದಾಟಿತ್ತು. ಯಾರೂ ಹೆಸರು ಬದಲಿಸಿರಲಿಲ್ಲ, ವಿಮೆಯನ್ನು ನವೀಕರಿಸಿರಲಿಲ್ಲ. ಕಾಗದದಲ್ಲಿ ಮಾಲೀಕರು ಇವರೇ.

ನಾಲ್ಕು ವರ್ಷ ಅವರು ಬಸ್ಸು ಹತ್ತಿ ಆ ಊರಿಗೆ ಅಲೆದರು. ಎರಡು ಬಾರಿ ನಾನೂ ಜೊತೆಗೆ ಹೋಗಿದ್ದೆ. ನ್ಯಾಯಾಲಯದ ಜಗಲಿಯ ಇನ್ನೊಂದು ಕೊನೆಯಲ್ಲಿ ಆ ಸೈಕಲ್ ಸವಾರನ ಹೆಂಡತಿ ಇಬ್ಬರು ಮಕ್ಕಳೊಂದಿಗೆ ಕುಳಿತಿರುತ್ತಿದ್ದಳು. ಆಕೆಗೂ ಅದೇ ಬಸ್ಸು, ಅದೇ ಅಲೆದಾಟ. ಜೊತೆಗೆ ಆ ದಿನದ ಕೂಲಿಯೂ ಹೋಗುತ್ತಿತ್ತು. ತೀರ್ಪಿನ ಬಳಿಕ ನಮ್ಮ ನೆರೆಯವರು ನಿವೃತ್ತಿಯ ಹಣದಿಂದ ಪರಿಹಾರ ಕಟ್ಟಿದರು. ‘ಕಾರು ನನ್ನದಲ್ಲದಿದ್ದರೂ ಆ ಮಕ್ಕಳು ಯಾರ ಬಳಿ ಹೋಗಿ ಕೇಳಬೇಕು ಮೇಷ್ಟ್ರೇ?’ ಎಂದು ಒಮ್ಮೆ ಹೇಳಿದ್ದರು. ಅವರು ಈಗಿಲ್ಲ.

ಅವರು ತಮ್ಮ ಸಂಕಟದಲ್ಲಿ ಕಂಡುಕೊಂಡ ಆ ತರ್ಕವನ್ನೇ ಸರ್ವೋಚ್ಚ ನ್ಯಾಯಾಲಯವೂ ಮುಂದೆ ಎತ್ತಿಹಿಡಿಯಿತು. 2018ರ ಫೆಬ್ರವರಿಯ ತೀರ್ಪೊಂದರಲ್ಲಿ, ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿದ್ದ ಕಾರೊಂದು 2009ರಲ್ಲಿ ಮಾಡಿದ ಅಪಘಾತಕ್ಕೆ, ನೋಂದಣಿಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಮೋಟಾರು ವಾಹನ ಕಾಯ್ದೆಯಲ್ಲಿ ‘ಮಾಲೀಕ’ ಎಂಬ ಪದಕ್ಕೆ ಇರುವ ಅರ್ಥವೇ ಅದು. ನೊಂದವರು ಮಾರಾಟದ ಸರಪಳಿಯನ್ನು ಬೆನ್ನಟ್ಟಿಕೊಂಡು ಹೋಗುವಂತಾಗಬಾರದೆಂಬುದು ಅದರ ಹಿಂದಿನ ನ್ಯಾಯ. 1988ರ ಕಾಯ್ದೆಯ 50ನೆಯ ಕಲಮಿನಂತೆ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾರಿನೊಡನೆ ತಾನಾಗಿ ಹೊಸ ಮಾಲೀಕನಿಗೆ ವರ್ಗವಾಗುತ್ತದೆ. ಕಾರಿಗೇ ಆಗುವ ಹಾನಿಯ ವಿಮೆ ಹಾಗೆ ವರ್ಗವಾಗುವುದಿಲ್ಲ. ಅದಕ್ಕೆ ಕಂಪನಿಯಿಂದ ಹೆಸರು ಬದಲಾಯಿಸಿಕೊಳ್ಳಲೇಬೇಕು. ಕಾರನ್ನು ದಲ್ಲಾಳಿಯ ಕೈಗೆ ಒಪ್ಪಿಸುವ ನಡುಗಾಲದ ಹೊಣೆಯ ಬಗ್ಗೆ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ಅಧಿಕೃತ ಪರವಾನಗಿ ಪಡೆದ ವ್ಯಾಪಾರಿಗೆ ಕಾರನ್ನು ಒಪ್ಪಿಸಿ 29 ಸಿ ನಮೂನೆಯಂಥ ಸೂಚನೆಯನ್ನು ಇಲಾಖೆಗೆ ಸಲ್ಲಿಸಿದರೆ, ಅಲ್ಲಿಂದ ಮುಂದಿನ ಹೊಣೆ ವ್ಯಾಪಾರಿಯದು. ನಮ್ಮ ನೆರೆಯವರ ಕಾಲಕ್ಕೆ ಈ ವ್ಯವಸ್ಥೆ ಇರಲಿಲ್ಲ.

ಮೂರನೆಯ ಘಟ್ಟ ಈಗಿನದು. ವಿಶ್ವೇಶ್ವರಯ್ಯನವರು ಬಯಸಿದ ಕಾರಿನ ಕಾರ್ಖಾನೆ ಕೊನೆಗೂ ಬೆಂಗಳೂರಿನ ಸಮೀಪಕ್ಕೆ ಬಂದಿತು. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಬಿಡದಿಯಲ್ಲಿ ಕಾರು ತಯಾರಿಸತೊಡಗಿತು; 2012ರಿಂದ ಹದಿನಾರು ಅಡಿಗೆ ಸಮೀಪದ ಉದ್ದವುಳ್ಳ ಕ್ಯಾಮ್ರಿ ಕಾರನ್ನೂ ಅಲ್ಲಿ ಜೋಡಿಸತೊಡಗಿದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಬಳಿಕ ಬಳ್ಳಾರಿ ರಸ್ತೆಯ ಎರಡು ಬದಿಗೂ ಕಾರು ಮಾರುವ ಅಂಗಡಿಗಳು ಎದ್ದವು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕ್ಯಾಮ್ರಿ, ಅಕಾರ್ಡ್, ಸೂಪರ್ಬ್‌ಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಾರೆ. ಹೊಸದಾಗಿ ಕೊಂಡವನು ತೆತ್ತ ಹಣದ ದೊಡ್ಡ ಪಾಲು ಮೊದಲ ಕೆಲವು ವರ್ಷಗಳಲ್ಲಿಯೇ ಕರಗಿಹೋಗುತ್ತದೆ. ಎರಡನೆಯ ಕೈಯವನಿಗೆ ಸುಖ ಅಗ್ಗವಾಗಿ ಬರುತ್ತದೆ. ಆದರೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹತ್ತು ವರ್ಷದ ಕಾರಿನ ಹೆಡ್‌ಲೈಟು ಮುರಿದರೂ ಹೊಸ ಕಾರಿನ ಹೆಡ್‌ಲೈಟಿನ ಹಣವನ್ನೇ ಕೊಡಬೇಕು. ಕಾಂಟೆಸ್ಸಾದ ಪೆಟ್ರೋಲಿನ ಪಾಠವೇ ಇಲ್ಲಿ ಬೇರೆ ಹೆಸರಿನಲ್ಲಿ ಮರುಕಳಿಸಿದೆ.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳನ್ನು ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸುಪ್ರೀಂ ಕೋರ್ಟೂ ಆದೇಶಿಸಿದ ಬಳಿಕ ಅಲ್ಲಿಯ ದೊಡ್ಡ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೂ ಬಂದವು. ಅಂಥದನ್ನು ಕೊಳ್ಳುವವರು ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಹಳೆಯ ಸಾಲ ತೀರಿದ್ದಕ್ಕೆ ದಾಖಲೆ, ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆ ಇವುಗಳನ್ನೆಲ್ಲ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ವಯಸ್ಸಿನ ಲೆಕ್ಕವೂ ಇದೆ. ಕಾರಿನ ನೋಂದಣಿ 15 ವರ್ಷಕ್ಕೆ. ಅನಂತರ ಐದೈದು ವರ್ಷಕ್ಕೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಆ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000 ರೂಪಾಯಿ ಮಾಡಲಾಯಿತು.

ಅಂಬಾಸಿಡರಿನ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಕಾಂಟೆಸ್ಸಾ 2002ರಲ್ಲಿಯೇ ನಿಂತಿತ್ತು. 50 ವರ್ಷ ದಾಟಿದ ಕಾರುಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಲ್ಯಾಂಡ್‌ಮಾಸ್ಟರಿಗೆ ಆ ಗೌರವ ಸಲ್ಲುತ್ತದೆ. ಮೊದಲ ಕಾಂಟೆಸ್ಸಾ ಅದಕ್ಕಾಗಿ 2034ರವರೆಗೆ ಕಾಯಬೇಕು. ಮಕ್ಕಳಿಗೆ ಇವನ್ನೆಲ್ಲ ಕಣ್ಣಾರೆ ತೋರಿಸಬೇಕೆಂದಿದ್ದರೆ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ತೆರೆದ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಕರೆದೊಯ್ಯಿರಿ.

ಕೊನೆಗೆ ಒಂದೆರಡು ಕೋರಿಕೆ. ನಿಮ್ಮಲ್ಲಿ ಯಾರಾದರೂ ಕಾರನ್ನೋ ಸ್ಕೂಟರನ್ನೋ ಮಾರಿದ್ದು, ಹೆಸರು ಬದಲಾದದ್ದನ್ನು ಇನ್ನೂ ನೋಡಿಲ್ಲವಾದರೆ, ಈ ವಾರವೇ ಸಾರಿಗೆ ಇಲಾಖೆಯ ‘ವಾಹನ್’ ತಾಣದಲ್ಲಿ ಆ ನಂಬರನ್ನು ಹಾಕಿ ಪರಿಶೀಲಿಸಿ. ತಂದೆಯವರು ತೀರಿಕೊಂಡ ಮನೆಗಳಲ್ಲಿ ಅವರ ಹೆಸರಿನ ವಾಹನ ಹಾಗೆಯೇ ಓಡುತ್ತಿದ್ದರೆ ಅದನ್ನೂ ಸರಿಪಡಿಸಿಕೊಳ್ಳಿ. ಹಾಗೆಯೇ ಬೀರುವಿನ ತಳದಲ್ಲಿ ಅಂಬಾಸಿಡರಿಗೆ ಠೇವಣಿ ಕಟ್ಟಿದ ರಸೀದಿ, ಹಳೆಯ ಆರ್.ಸಿ. ಪುಸ್ತಕ, ಕಾರಿಗೆ ಒರಗಿ ನಿಂತ ಮದುವೆಯ ಫೋಟೊ ಏನಾದರೂ ಸಿಕ್ಕಿದರೆ ರದ್ದಿಗೆ ಹಾಕಬೇಡಿ. ನನಗೆ ಒಂದು ಪ್ರತಿ ಕಳುಹಿಸಿ; ಯಾವ ವರ್ಷ, ಯಾರಿಂದ, ಎಷ್ಟಕ್ಕೆ ಕೊಂಡಿರಿ ಎಂಬ ಎರಡು ಸಾಲು ಜೊತೆಗಿದ್ದರೆ ಇನ್ನೂ ಸಂತೋಷ.